ಹದಿಮೂರು ನಕ್ಷತ್ರದ ಹೊದಿಕೆ

ಟ್ಯಾಲೋ ಬೆಂಡ್, ಮಿಸಿಸಿಪಿ
2021 ಜನವರಿ 12, ಮಂಗಳವಾರ

ಇನ್ನೂ ಮುನಿಸಿಕೊಂಡೇ ಇರುವ ನನ್ನ ಮಗಳು ರೆನೆಟಾಗೆ, ಅಮ್ಮನಿಂದ ಮುತ್ತುಗಳು.

ನಾಲ್ಕು ಮೈಲಿ ಆಚೆ ಇರುವ ಮಗಳಿಗೆ ಅಂಚೆಚೀಟಿ ಅಂಟಿಸಿ ಕಾಗದ ಬರೆಯುವ ಕಾಲ ಬಂತು ನೋಡು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಅಡ್ಡಪ್ರಶ್ನೆ ಹಾಕುತ್ತೀಯ, ನನ್ನ ಮಾತು ಮುಗಿಸಲು ಬಿಡುವುದಿಲ್ಲ. ಅದಕ್ಕೇ ಕಾಗದ. ಪೂರ್ತಿ ಓದು, ಅರ್ಧಕ್ಕೆ ಎಸೆಯಬೇಡ.

ನಿನ್ನ ಆಮಂತ್ರಣ ನಿನ್ನೆ ಬಂತು. ಶನಿವಾರ ಹತ್ತು ಗಂಟೆಗೆ ಕೋರ್ಟಿನ ಮುಂದೆ ರಾಜ್ಯದ ಹೊಸ ಬಾವುಟ ಏರಿಸುವುದು, ಮ್ಯಾಗ್ನೋಲಿಯಾ ಹೂವಿನದು. ಕೌಂಟಿ ಮಂಡಳಿಯ ಅಧ್ಯಕ್ಷೆ ಎಂದು ನಿನ್ನ ಹೆಸರು ದಪ್ಪ ಅಕ್ಷರದಲ್ಲಿದೆ. ಕೆಳಗೆ ನಿನ್ನ ಕೈಬರಹದಲ್ಲಿ ಒಂದೇ ಸಾಲು: ಹಗ್ಗ ನೀನೇ ಎಳೆಯಬೇಕು, ಥರ್ಮನ್ ಮಾವನ ಹೆಸರಿನಲ್ಲಿ. ಆಗಸ್ಟಿನಿಂದ ಮಾತು ಬಿಟ್ಟವಳು ಇಷ್ಟಾದರೂ ಬರೆದಳಲ್ಲ ಎಂದು ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಮೊದಲು ಆ ಫೋಟೋ ವಿಷಯ ಮುಗಿಸುತ್ತೇನೆ. ಒಂದು ಕಾಲದಲ್ಲಿ ಷೆರಿಫನ ಕೈಕೆಳಗೆ ಪೊಲೀಸನಾಗಿದ್ದ ಹಾಯ್ಟ್ ಲ್ಯಾಂಬೆತ್‌ನ ಶವಪೆಟ್ಟಿಗೆ, ಮೇಲೆ ಹಳೆಯ ಬಾವುಟ, ಪಕ್ಕದಲ್ಲಿ ಮಾಸ್ಕ್ ಹಾಕಿಕೊಂಡು ನಾನು. ಊರೆಲ್ಲ ನೋಡಿತು, ನೀನೂ ನೋಡಿದೆ. "ಅಮ್ಮಾ, ಇಡೀ ರಾಜ್ಯ ಅದನ್ನ ಇಳಿಸ್ತಾ ಇದೆ, ನೀನು ಹೋಗಿ ಆ ಡೆಪ್ಯುಟಿಗೆ ಹೊದಿಸಿ ಬಂದ್ಯಾ? ಮಾನ ಮರ್ಯಾದೆ ಬೇಡ್ವಾ ನಿಂಗೆ?" ಎಂದು ಅಂಗಳದಲ್ಲಿ ನಿಂತು ಕೂಗಿದೆ. ಹೊದಿಸಿದ್ದಷ್ಟೇ ಅಲ್ಲ ಮಗಳೇ, ಅದನ್ನು ಹೊಲಿದವಳೂ ನಾನೇ. ಅಂಗಡಿಯವರು ಜೂನ್ ಮುಗಿಯುವುದರೊಳಗೆ ಆ ಬಾವುಟ ಮಾರುವುದನ್ನು ನಿಲ್ಲಿಸಿದ್ದರು. ಚರ್ಚಿನ ಹಾಡುಗಾರರ ನಿಲುವಂಗಿ ಹೊಲಿಯುವ ನನ್ನ ಯಂತ್ರದಲ್ಲೇ ಕೆಂಪು, ಬಿಳಿ, ನೀಲಿ ಪಟ್ಟೆ ಜೋಡಿಸಿದೆ. ಮೂಲೆಯಲ್ಲಿ, ಗುಲಾಮಗಿರಿ ಉಳಿಸಲು ದಂಗೆ ಎದ್ದಿದ್ದ ಆ ದಕ್ಷಿಣದವರ ಅಡ್ಡಪಟ್ಟಿ, ಅದರ ಮೇಲೆ ಹದಿಮೂರು ನಕ್ಷತ್ರ.

ಯಾಕೆ ಹೊಲಿದೆ ಅಂತ ಹೇಳಬೇಕಾದರೆ ಥರ್ಮನ್‌ನಿಂದಲೇ ಶುರು ಮಾಡಬೇಕು. ನಿನಗೆ ಗೊತ್ತಿರುವುದು ಇಷ್ಟು. 1967ರಲ್ಲಿ ನನ್ನಣ್ಣನಿಗೆ ಇಪ್ಪತ್ತೆರಡು. ನಮ್ಮ ಕಪ್ಪು ಜನರನ್ನು ಕರೆದುಕೊಂಡು ಹೋಗಿ ಮತದಾರರ ಪಟ್ಟಿಗೆ ಹೆಸರು ಬರೆಸುತ್ತಿದ್ದ. ಗುಮಾಸ್ತ ಮೂರನೆಯ ಸಲ ಎಲ್ಲರನ್ನೂ ವಾಪಸು ಕಳಿಸಿದ ದಿನ, ಹಾಡು ಹಗಲಲ್ಲಿ ಕೋರ್ಟಿನ ಮುಂದಿನ ಮರದ ಕಂಬದ ಹಗ್ಗಕ್ಕೆ ಚಾಕು ಹಾಕಿದ. ಬಾವುಟ ಕೆಸರಿಗೆ ಬಿತ್ತು. ಆಮೇಲೆ ನಾಲ್ಕು ದಿನ ಅಡಗಿದ್ದ, ಐದನೆಯ ದಿನ ಕಾಣೆಯಾದ. ಷೆರಿಫ್ ಅಮ್ಮನಿಗೆ ಹೇಳಿದ್ದು, ನಿನ್ನ ಮಗ ಶಿಕಾಗೋ ರೈಲು ಹತ್ತಿದ, ನೋಡಿದವರಿದ್ದಾರೆ ಎಂದು. ಅದೇ ವಾರ ಮರದ ಕಂಬ ಕಿತ್ತು, ಯಾರ ಕೈಗೂ ಹಗ್ಗ ಎಟುಕದಂತೆ ಎತ್ತರದ ಕಬ್ಬಿಣದ ಕಂಬ ನಿಲ್ಲಿಸಿದರು, ಬುಡಕ್ಕೆ ದುಂಡನೆಯ ಸಿಮೆಂಟ್ ಕಟ್ಟೆ.

ಆ ಕಂಬದ ಮೇಲೆ ಹಳೆಯ ಬಾವುಟ ಐವತ್ತಮೂರು ವರ್ಷ ಹಾರಿತು. ಅದು 1894ರದ್ದಂತೆ. 1906ರಲ್ಲಿ ಕಾನೂನು ಪುಸ್ತಕ ಹೊಸದಾಗಿ ಬರೆಯುವಾಗ ಬಾವುಟದ ಸಾಲನ್ನೇ ಬಿಟ್ಟುಬಿಟ್ಟಿದ್ದರಂತೆ, ತೊಂಬತ್ತು ಚಿಲ್ಲರೆ ವರ್ಷ ಈ ರಾಜ್ಯಕ್ಕೆ ಕಾನೂನಿನ ಪ್ರಕಾರ ಬಾವುಟವೇ ಇರಲಿಲ್ಲವಂತೆ. ಅದನ್ನು ಹೇಳಿ ನೀನು ಬಿದ್ದು ಬಿದ್ದು ನಕ್ಕಿದ್ದೆ. ನನಗೆ ನಗು ಬರಲಿಲ್ಲ. ಬರೆಯಲು ಮರೆತರು ಸರಿ, ಹಾರಿಸಲು ಒಂದು ದಿನವಾದರೂ ಮರೆತರಾ? 2001ರಲ್ಲಿ ಮತಕ್ಕೆ ಹಾಕಿದಾಗಲೂ ಹಳೆಯದೇ ಗೆದ್ದಿತು. ಹಾಯ್ಟ್ ಅದನ್ನು ಟ್ರಕ್ಕಿಗೆ ಕಟ್ಟಿಕೊಂಡು ನಮ್ಮ ಬೀದಿಯಲ್ಲಿ ಮೂರು ಸುತ್ತು ಹಾಕಿದ್ದು ನಿನಗೂ ನೆನಪಿರಬೇಕು.

ಅದೇ ಹಾಯ್ಟ್ ಎರಡು ವರ್ಷದ ಹಿಂದೆ ನಾನು ಕೆಲಸ ಮಾಡುವ ವೃದ್ಧಾಶ್ರಮಕ್ಕೆ ಬಂದ. ಎಪ್ಪತ್ತು ದಾಟಿದವಳಿಗೆ ಆ ಕೆಲಸ ಏಕೆ, ಬಿಟ್ಟುಬಿಡು ಎಂದು ನೀನು ಎಷ್ಟು ಸಲ ಹೇಳಿದೆ. ಆ ಮುದುಕನ ಕೋಣೆ ನನಗೇ ಕೊಡಿ ಎಂದು ಕೇಳಿಕೊಂಡವಳು ನಾನು. ಅವನನ್ನು ತೊಳೆದೆ, ಗಂಜಿ ಕುಡಿಸಿದೆ, ಅಣ್ಣನ ವಿಷಯ ಎಂದಾದರೂ ಬಾಯಿ ಬಿಡುತ್ತಾನೆ ಎಂದು ಕಾದೆ. ಕಳೆದ ವರ್ಷ ಈ ಸಾಂಕ್ರಾಮಿಕ ಕಾಯಿಲೆಯ ಗಲಾಟೆಯಲ್ಲಿ ಅವನ ಮಕ್ಕಳನ್ನೂ ಒಳಗೆ ಬಿಡಲಿಲ್ಲ, ಕಿಟಕಿಯ ಆಚೆ ನಿಂತು ಕೈಬೀಸಿ ಹೋಗುತ್ತಿದ್ದರು. ಒಳಗೆ ಅವನು, ನಾನು, ಅಷ್ಟೇ.

ಜುಲೈ ಮೊದಲ ವಾರ ನಮ್ಮ ಆಶ್ರಮದ ಕಂಬದಿಂದಲೂ ಬಾವುಟ ಇಳಿಸಿದರು. ಅಂದಿನಿಂದ ಅವನಿಗೆ ನೆಮ್ಮದಿ ಹೋಯಿತು.

"ಒಜೆಲಾ, ಆ ಹಗ್ಗದ ಸದ್ದು ನಿಲ್ಸೇ. ಖಾಲಿ ಕಂಬಕ್ಕೆ ಬಡೀತಾನೇ ಇದೆ."

"ಗಾಳಿ ಅಷ್ಟೇ, ಮಿಸ್ಟರ್ ಹಾಯ್ಟ್. ಮಲಕ್ಕೊಳಿ."

"ಗಾಳಿ ಅಲ್ಲ ಕಣೇ. ಅವ್ನು."

ಕಿಟಕಿ ಹಾಕಿದೆ, ಪರದೆ ಎಳೆದೆ. ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ ಅಂದು. ನಾನೇ ಹೊರಗೆ ಹೋಗಿ ಹಗ್ಗವನ್ನು ಕಂಬಕ್ಕೆ ಬಿಗಿದು ಕಟ್ಟಿ ಬಂದೆ. ಒಳಗೆ ಬಂದರೆ ಅವನು ಇನ್ನೂ ಕಿವಿ ಮುಚ್ಚಿಕೊಂಡಿದ್ದ. ನಿನಗೆ ಸುಳ್ಳು ಹೇಳುವುದಿಲ್ಲ, ಆ ಸದ್ದು ನನಗೂ ಕೇಳಿಸಿತು.

ಮಾರನೆಯ ದಿನ ಅವನೇ ವ್ಯಾಪಾರಕ್ಕಿಳಿದ. "ನನ್ ಪೆಟ್ಗೆ ಮೇಲೆ ಹಳೇ ಬಾವುಟ ಹೊದಿಸ್ಬೇಕು. ಮಗನಿಗೆ ಹೇಳಿದ್ರೆ ನಾಚ್ಕೊಂಡು ಸಾಯ್ತಾನೆ, ಬ್ಯಾಂಕಲ್ಲಿ ಕೆಲ್ಸ ನೋಡು. ನಿಂಗೆ ಹೊಲಿಗೆ ಬರುತ್ತೆ. ಹೊಲ್ಕೊಡು, ನಿನ್ನಣ್ಣ ಎಲ್ಲವ್ನೆ ಹೇಳ್ತೀನಿ."

ಹೊಲಿದು ತಂದೆ. ಬೆರಳಿಟ್ಟು ನಕ್ಷತ್ರ ಎಣಿಸಿದ, ಎರಡು ಸಲ. ಆಮೇಲೆ, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದ.

"ಎಲ್ಲೂ ಹೋಗಿಲ್ಲ ಅವ್ನು. ಕಂಬಕ್ಕೆ ಅಂತ ಆರಡಿ ಗುಂಡಿ ತೆಗ್ಸಿದ್ವಿ, ಬೆಳಿಗ್ಗೆ ಸಿಮೆಂಟ್ ಹಾಕೋರು ಬರೋರಿದ್ರು. ಷೆರಿಫ್ ಅಂದ, ಬಾವುಟ ಇಳಿಸ್ದೋನು ಬಾವುಟನ ಹೊತ್ಕೊಂಡೇ ಇರ್ಲಿ ಅಂತ."

ಕೋರ್ಟಿನ ಮುಂದಿನ ಆ ಕಟ್ಟೆ, ರೆನೆಟಾ. ಬಸ್ಸಿಗೆ ಕಾಯುತ್ತಾ ನಾವಿಬ್ಬರೂ ಕೂರುತ್ತಿದ್ದ ಕಟ್ಟೆ. ನೀನು ಕಾಲು ಆಡಿಸುತ್ತಾ ಬೇಯಿಸಿದ ಕಡಲೆಕಾಯಿ ತಿಂದು ಸಿಪ್ಪೆಯನ್ನು ಅಲ್ಲೇ ಉದುರಿಸುತ್ತಿದ್ದೆ. ನಿನ್ನ ಅಜ್ಜಿ ಷೆರಿಫನ ಕಚೇರಿಗೆ ಅಲೆದು ಅಲೆದು ದಣಿದಾಗ ಕೂತು ಬೆವರು ಒರೆಸಿಕೊಳ್ಳುತ್ತಿದ್ದದ್ದೂ ಅಲ್ಲೇ.

ಅಂಥವನಿಗೆ ಕೊಟ್ಟ ಮಾತು ಏಕೆ ಉಳಿಸಿಕೊಂಡೆ ಎಂದು ಕೇಳುತ್ತೀಯ. ಕೊಟ್ಟ ಮಾತು ಮುರಿಯುವುದನ್ನು ನನ್ನಮ್ಮ ಕಲಿಸಲಿಲ್ಲ. ಇನ್ನೊಂದೂ ಇದೆ. ಹೂಳುವ ಮುನ್ನ ಅವನ ಮಗ ಮುಖ ಸಿಂಡರಿಸಿಕೊಂಡು ಆ ಬಾವುಟ ಮಡಚಿ ನನಗೇ ವಾಪಸು ಕೊಡಲು ಬಂದ. ಬೇಡ, ಪೆಟ್ಟಿಗೆ ಜೊತೆಗೇ ಇಳಿಸಿ ಎಂದೆ. ಮೊದಲ ಹಿಡಿ ಮಣ್ಣು ನಾನೇ ಹಾಕಿದೆ. ರಾಜಧಾನಿಯಲ್ಲಿ ನಿಮ್ಮವರು ಅದನ್ನು ಮರ್ಯಾದೆಯಿಂದ ಮಡಚಿ ವಸ್ತುಸಂಗ್ರಹಾಲಯಕ್ಕೆ ಕಳಿಸಿದರು. ಅದನ್ನು ಮಣ್ಣು ಮಾಡಿದವಳು ನಾನೊಬ್ಬಳೇ ಇರಬೇಕು.

ಐದು ತಿಂಗಳು ಯಾಕೆ ಸುಮ್ಮನಿದ್ದೆ? ಸಾಯುವ ಮುದುಕನ ಮಾತು, ನಿಜವೋ ಭ್ರಮೆಯೋ ಎಂದುಕೊಂಡೆ. ನವೆಂಬರಿನಲ್ಲಿ ಹೊಸ ಬಾವುಟಕ್ಕೆ ಮತ ಹಾಕುವುದಿತ್ತು, ನೀನು ಮನೆ ಮನೆ ತಿರುಗುತ್ತಿದ್ದೆ, ಆಗ ಬೇಡ ಎಂದುಕೊಂಡೆ. ನನಗೆ ಆರೋಗ್ಯವೂ ಸರಿ ಇರಲಿಲ್ಲ. ಕೋರ್ಟಿನ ದಾರಿಯನ್ನೇ ಬಿಟ್ಟುಬಿಟ್ಟಿದ್ದೇನೆ, ಅಂಚೆ ಕಚೇರಿಗೆ ಹತ್ತಿ ಗಿರಣಿ ಬಳಸಿಕೊಂಡು ಹೋಗುತ್ತೇನೆ.

ಈಗ ನೀವು ಆ ಕಟ್ಟೆಗೆ ಬಿಳಿ ಬಣ್ಣ ಬಳಿಸಿದ್ದೀರಂತೆ. ಬ್ಯಾಂಡಿನವರು, ಪಾದ್ರಿಗಳು, ಶಾಲೆಯ ಮಕ್ಕಳು ಎಲ್ಲರೂ ಬರುತ್ತಾರಂತೆ. ಹೂವಿನ ಬಾವುಟ ಚೆನ್ನಾಗಿದೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅದನ್ನೂ ಅವನೇ ಹೊರಬೇಕಾ? ಶನಿವಾರದ ಕಾರ್ಯಕ್ರಮ ನಿಲ್ಲಿಸು. ಆ ಕಂಬ ಕೀಳಿಸು, ಕಟ್ಟೆ ಒಡೆಸು, ನನ್ನಣ್ಣನನ್ನು ಹೊರಗೆ ತೆಗೆಸು. ಊರು ನಿನಗೆ ಹುಚ್ಚು ಹಿಡಿದಿದೆ ಎನ್ನಬಹುದು. ಮುಂದಿನ ಸಲ ಮತ ಸಿಗದಿರಬಹುದು. ಗೊತ್ತಿದ್ದೇ ಕೇಳುತ್ತಿದ್ದೇನೆ. ಅಧ್ಯಕ್ಷೆಯ ಸಹಿ ಬಿದ್ದರೆ ಆಗುವ ಕೆಲಸ ಇದು, ಇನ್ನು ಯಾರಿಂದಲೂ ಆಗುವುದಿಲ್ಲ.

ಕಾಗದ ಸಿಕ್ಕ ಕೂಡಲೇ ಫೋನ್ ಮಾಡು.

ನಿನ್ನ ಅಮ್ಮ,
ಒಜೆಲಾ ಪಿಕೆನ್ಸ್

ತಾಜಾಕಲಮು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ಬರೆದ ಕಾರಣಗಳೆಲ್ಲ ನೆಪ. ಜಾಗ ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ ಎಂದು ಹೆದರಿದ್ದೆ. ಆ ಐದನೆಯ ದಿನ ಹಾಯ್ಟ್ ನಮ್ಮ ಬಾಗಿಲಿಗೆ ಬಂದಿದ್ದ. ಅಮ್ಮ ಹೊಲದಲ್ಲಿದ್ದಳು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನನ್ನನ್ನು 'ಮಿಸ್ ಒಜೆಲಾ' ಎಂದ. ಯಾವ ಬಿಳಿಯನೂ ನನ್ನನ್ನು ಹಾಗೆ ಕರೆದಿರಲಿಲ್ಲ. ನಿನ್ನಣ್ಣ ಬೇರೆಯವರ ಕೈಗೆ ಸಿಕ್ಕರೆ ಬಡಿದು ಹಾಕುತ್ತಾರೆ, ನನ್ನ ಜೊತೆ ಬಂದರೆ ಒಂದು ಮಾತು ಕೇಳಿ ಬಿಟ್ಟುಬಿಡುತ್ತೇವೆ ಎಂದ. ನನಗೆ ಹತ್ತೊಂಬತ್ತು. ನಂಬಿದೆ. ಬಾಯಿಬಿಟ್ಟು ಹೇಳಲೂ ಇಲ್ಲ, ಚರ್ಚಿನ ಹಿಂದಿನ ಗುಡಿಸಲ ಕಡೆ ಬೆರಳು ತೋರಿಸಿದೆ. ಅಮ್ಮ ಸಾಯುವ ತನಕ ಶಿಕಾಗೋದಿಂದ ಕಾಗದ ಬರುತ್ತದೆಂದು ದಿನಾ ಅಂಚೆಯವನನ್ನು ಕಾದಳು, ನಾನೂ ಪಕ್ಕದಲ್ಲಿ ನಿಂತು ಕಾದಂತೆ ನಟಿಸಿದೆ. ಇದು ಗೊತ್ತಿದ್ದವನು ಹಾಯ್ಟ್ ಒಬ್ಬನೇ, ಈಗ ನೀನು. ಅಗೆಯುವ ದಿನ ನಾನು ಅಲ್ಲಿರಬೇಕು ಎಂಬ ಆಸೆ ಇದೆ. ಕರೆಯುವುದು ಬಿಡುವುದು ನಿನಗೆ ಸೇರಿದ್ದು.