ಬೆಡ್‌ಶೀಟಿನ ಮರೆಯ ಮಾತು

ನಮ್ಮ ಮನೆಯಿಂದ,
ಹನ್ನೆರಡನೆಯ ತಾರೀಖು, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ (ಸೊಸೆ ಎಂದರೆ ಮುನಿಸು ಬಂದೀತು, ಮಗಳೇ ಎಂದೇ ಓದಿಕೋ),

ಹೇಗಿದ್ದೀಯೆ ತಾಯಿ? ಲಾಂಡ್ರಿಯ ಬಿಸಿನೀರಿಗೆ ಸುಟ್ಟ ಮೊಣಕೈ ಮಾಗಿತೇ? ಅಕ್ಕನ ಮನೆಯೆಂದು ಸಂಕೋಚಪಟ್ಟು ಅರೆಹೊಟ್ಟೆ ಉಣ್ಣಬೇಡ. ಭಾವ ಮುಖ ಸಿಂಡರಿಸಿದರೆ ಕಂಡೂ ಕಾಣದಂತಿರು. ಗಂಡಸರ ಮುಖ ನೋಡಿಕೊಂಡು ಉಣ್ಣುವುದಾಗಿದ್ದರೆ ನಾವೆಲ್ಲ ಎಂದೋ ಒಣಗಿ ಕಡ್ಡಿಯಾಗಬೇಕಿತ್ತು.

ನೀನು ನಗರಸಭೆ ಚುನಾವಣೆಗೆ ನಿಂತೆಯೆಂದು ನನ್ನ ಮಗ ನಿನ್ನ ಬಟ್ಟೆಯ ಗಂಟನ್ನು ಬೀದಿಗಿಟ್ಟು ಬಾಗಿಲು ಹಾಕಿದನಲ್ಲ, ಅಂದಿನಿಂದ ಈ ಮನೆಯಲ್ಲಿ ಪಾತ್ರೆಗಳದ್ದು ಮಾತ್ರ ಸದ್ದು. ಮೊನ್ನೆ ಊಟಕ್ಕೆ ಕೂತವನು, "ಅವಳು ಗೆದ್ರೆ ನಾನು ಅವಳ ಹಿಂದೆ ಚೀಲ ಹಿಡ್ಕೊಂಡು ಓಡಾಡ್ಬೇಕಾ ಅಮ್ಮಾ?" ಅಂದ. "ಇಷ್ಟು ವರ್ಷ ನಿನ್ನ ಚೀಲ ಅವಳು ಹಿಡಿದ್ಲಲ್ಲಪ್ಪ, ಅವಳ ಕೈ ಬಿದ್ಹೋಯ್ತಾ?" ಅಂದೆ. ತಟ್ಟೆ ಗೋಡೆಗೆ ಹೋಯಿತು. ಅವನನ್ನು ಬೈಯುವಾಗ ಹೆತ್ತ ಹೊಟ್ಟೆ ಉರಿಯುತ್ತದೆ. ನಿನ್ನ ಎದುರು ನಿಂತಿರುವ ಗುತ್ತಿಗೆದಾರ ಅವನಿಗೆ ಕಾಯಂ ಡ್ರೈವರ್ ಕೆಲಸದ ಆಸೆ ತೋರಿಸಿದ್ದಾನೆ, ನೀನು ಹಿಂದೆ ಸರಿದರೆ ಮಾತ್ರ.

ಇನ್ನು ನಿನ್ನ ಲಾಂಡ್ರಿಯ ಸಮಾಚಾರ, ಅಲ್ಲಿ ಇಸ್ತ್ರಿ ಹಾಕುವ ನಮ್ಮ ಇಸ್ತ್ರಿಯಕ್ಕ ಬಂದು ಹೇಳಿದ್ದು. ಆಸ್ಪತ್ರೆಯ ಬೆಡ್‌ಶೀಟುಗಳನ್ನು ಇಬ್ಬಿಬ್ಬರು ಹಿಡಿದು ಮಡಿಸುತ್ತಾ, ಮೂಲೆಗೆ ಮೂಲೆ ಕೂಡಿಸಲು ಹತ್ತಿರ ಬಂದ ಗಳಿಗೆಯಲ್ಲೇ ಅಲ್ಲವೇ ನಿನ್ನ ಪ್ರಚಾರವೆಲ್ಲ ನಡೆದದ್ದು? ಒಂದು ಶೀಟಿಗೆ "ಪಾಯಖಾನೆಗೆ ಚಿಲಕ ಬೇಕು", ಇನ್ನೊಂದಕ್ಕೆ "ಗಲ್ಲಿಗೆ ದೀಪ ಬೇಕು", ಮತ್ತೊಂದಕ್ಕೆ "ಸಭೇಲಿ ನಮ್ಮವಳೊಬ್ಬಳು ಕೂರ್ಬೇಕು". ಮೇಸ್ತ್ರಿಗೆ ಕಾಣುತ್ತಿದ್ದದ್ದು ಬಿಳಿ ಬಟ್ಟೆ ಮಾತ್ರ. ನೀನು ಹೋದ ಮೇಲೆ ನಿನ್ನ ಜೊತೆಯ ಪೆದ್ದಿಯರು ಏನು ಮಾಡಿದರು ಗೊತ್ತೇ? ಹೆಚ್ಚು ಮಾತಾಡುವ ಆಸೆಗೆ ಹೆಚ್ಚು ಮಡಿಸಿದರು! ಸಂಜೆಗೂ ಮುಗಿಯದ ರಾಶಿ ಮಧ್ಯಾಹ್ನಕ್ಕೇ ಖಾಲಿ. ಮೇಸ್ತ್ರಿ, "ಏನ್ರಮ್ಮಾ, ಎಂದೂ ಇಲ್ಲದ ನಿಯತ್ತು?" ಅಂದವನೇ ಹಿಂದೆ ಬಂದು ನಿಂತು ಕಿವಿಗೊಟ್ಟ. ಈಗ ಒಬ್ಬೊಬ್ಬಳೇ ಮೇಜಿನ ಮೇಲೆ ಹರವಿಕೊಂಡು ಮಡಿಸಬೇಕು. ಬಟ್ಟೆ ಸುಕ್ಕು, ಬಾಯಿ ಬಂದ್.

ನಿನ್ನ ಜೊತೆ ಶೀಟು ಮಡಿಸುತ್ತಿದ್ದ ಉದ್ದಕ್ಕನ ಗಂಡ ಅವಳ ಮತದ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಿದ್ದಾನಂತೆ. ಇಸ್ತ್ರಿಯಕ್ಕ ಒಬ್ಬಳೇ ನಿನಗಾಗಿ ಮತ ಕೇಳುತ್ತಾ ಮನೆಮನೆ ಸುತ್ತುತ್ತಾಳೆ. ನಿನ್ನೆ ಒಬ್ಬ ಹೆಂಗಸೇ, "ಗಂಡನ ಮನೇಲಿ ನಿಲ್ಲೋಕಾಗದೋಳು ಚುನಾವಣೆಗೆ ನಿಂತ್ಲಂತೆ" ಅಂದು ನಕ್ಕಳಂತೆ. ಹೇಳುತ್ತಾ ಇಸ್ತ್ರಿಯಕ್ಕ ಅತ್ತುಬಿಟ್ಟಳು. ಬೆಂಕಿಯಂಥವಳು ಅಳುವುದನ್ನು ನೋಡಲಾಗಲಿಲ್ಲ.

ಗೆಲ್ಲುತ್ತೀಯೆಂದು ಸುಳ್ಳು ಬರೆಯಲಾರೆ. ಆದರೆ ನಿನ್ನ ಹೆಸರು ಮತಯಂತ್ರದಲ್ಲಿರಲಿ. ಉದ್ದಕ್ಕ ಹೇಗೋ ಬೀಗ ಒಡೆದು ಮತ ಹಾಕಲು ಬಂದಳೆನ್ನು, ಅಲ್ಲಿ ನಿನ್ನ ಹೆಸರೇ ಇಲ್ಲದಿದ್ದರೆ ಅವಳು ಯಾರಿಗೆ ಒತ್ತಬೇಕು?

ಅಕ್ಕನಿಗೆ ನನ್ನ ನೆನಪು ಹೇಳು, ಅವಳ ಮಕ್ಕಳ ತಲೆ ಸವರು. ನಿನ್ನ ಬೆನ್ನು ಬಾಗದಿರಲಿ, ನೂರ್ಕಾಲ ಬಾಳು.

ನಿನ್ನ ಅತ್ತೆ

ಮರೆಯುವ ಮುಂಚೆ: ಇಸ್ತ್ರಿಯಕ್ಕ ಕಾಗದಕ್ಕೆ ಕಾಯುತ್ತಿದ್ದಾಳೆ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಾಳೆ. ಗುರುವಾರ ನಿನ್ನ ಗಂಡ ನಿನ್ನನ್ನು ಕರೆತರಲು ಅಲ್ಲಿಗೆ ಬರುತ್ತಾನೆ. ಹೆಸರು ವಾಪಸು ಪಡೆಯಲು ಶನಿವಾರ ಸಂಜೆಯೇ ಕೊನೆ, ಅದಕ್ಕೆ ನೀನೇ ಬಂದು ರುಜು ಹಾಕಬೇಕು. "ಅಮ್ಮ ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನೇ ಕೇಳ್ತಾಳೆ" ಎಂದು ಅಳುತ್ತಾನೆ. ಅದು ಸುಳ್ಳಲ್ಲ ಮಗಳೇ, ಡಾಕ್ಟರು ಕೈಚೆಲ್ಲಿದ್ದಾರೆ. ಆದರೂ ಭಾನುವಾರದ ತನಕ ಬರಬೇಡ. ನಾನು ಹೋದೆನೆಂದು ಸುದ್ದಿ ಬಂದರೂ ಬರಬೇಡ.