ಒಂದೇ ಪೆಡಲಿನ ಸೈಕಲ್ಲನ್ನು ಹರಾಜಿಗಿಟ್ಟ ಸಾಹೇಬರಿಗೆ

ಗುಡ್ಡದ ಕಾಡು ಕಾಯುವ ಇಲಾಖೆಯ ಮಾನ್ಯ ಸಾಹೇಬರೇ,

ಬರುವ ಗುರುವಾರ ಚಿಂಚೋಳಿ ಕಡೆಯ ನಿಮ್ಮ ನಾಕಾದ ಮುಂದೆ ಒಂದು ಸೈಕಲ್ಲು ಹರಾಜಾಗಲಿದೆ. ಅದಕ್ಕೆ ಎಡಗಡೆಯ ಪೆಡಲು ಇಲ್ಲ. ಮುರಿದು ಹೋದದ್ದಲ್ಲ, ಬೇಕೆಂದೇ ತೆಗೆದದ್ದು. ಶಹಾಬಾದದ ಖಣಿಯಲ್ಲಿ ಫರಸಿ ಕಲ್ಲು ಉರುಳಿ ಎಡಗಾಲು ಕಳೆದುಕೊಂಡ ಖಾಜಾಮಿಯಾನ ಸೈಕಲ್ಲು ಅದು. ಅದರ ಮೇಲೆ ಕೂತು ಅವನು ಖಣಿಯಿಂದ ಖಣಿಗೆ ಹೋಗಿ ಕಲ್ಲು ಒಡೆಯುವವರ ಉಳಿಗಳನ್ನು ಚೂಪು ಮಾಡಿಕೊಡುತ್ತಾನೆ. ಈಗ ಹೊಸ್ತಿಲ ಮೇಲೆ ಕೂತಿದ್ದಾನೆ. ಇನ್ನೂ ಬಾರದಿದ್ದರೆ ಬೇರೆಯವನನ್ನು ಕರೆಯುತ್ತೇನೆಂದು ಖಣಿಯ ಗುತ್ತೇದಾರ ಹೇಳಿ ಕಳಿಸಿದ್ದಾನೆ. ನೀವು ಜಪ್ತಿ ಮಾಡಿದ್ದು ಸೈಕಲ್ಲನ್ನಲ್ಲ, ಒಬ್ಬ ಮನುಷ್ಯನ ಕಾಲನ್ನು.

ಇದನ್ನು ಊರಿಗೆಲ್ಲ ಕೇಳುವಂತೆ ಬರೆಯುವ ಧೈರ್ಯ ನನ್ನದಲ್ಲ. ನಾಲ್ಕನೆಯ ಜಮಾತು ಓದಿದವನು ನಾನು, ನಾಲ್ಕು ಜನರ ಮುಂದೆ ಬಾಯಿ ತೆರೆದರೆ ನಾಲಿಗೆ ಒಣಗುತ್ತದೆ. ನಿಮ್ಮ ಕಚೇರಿಗೆ ಅರ್ಜಿ ಹಿಡಿದು ಬಂದೆ. ಕನ್ನಡದ್ದು ನಡೆಯುವುದಿಲ್ಲ, ಸರಕಾರದ ಭಾಷೆ ಉರ್ದುವಿನಲ್ಲಿ ತಾ ಎಂದರು. ಉರ್ದುವಿನಲ್ಲಿ ಬರೆಸಿ ತಂದೆ. ಸಾಹೇಬರು ದೌರೆಯ ಮೇಲೆ ಊರೂರು ಸುತ್ತಲು ಹೋಗಿದ್ದಾರೆ ಎಂದರು. ಸಾಹೇಬರು ದೌರೆಗೆ ಹೋಗಬಹುದು, ಖಾಜಾಮಿಯಾ ಖಣಿಗೆ ಹೋಗಬಾರದು. ಇದು ಯಾವ ಕಾಯಿದೆ? ಬೇರೆ ದಾರಿ ಕಾಣದೆ ಎಲ್ಲರೂ ಓದುವಂತೆ ಈ ಪತ್ರ ಬರೆಯುತ್ತಿದ್ದೇನೆ.

ಆದದ್ದನ್ನು ಹೇಳುತ್ತೇನೆ. ಖಾಜಾಮಿಯಾನ ತಂಗಿ ಜೈತುನ್ಬೀಯನ್ನು ಚಿಂಚೋಳಿಗೆ ಕೊಟ್ಟಿದ್ದಾರೆ. ಕಾಲು ಹೋದ ಮೇಲೆ ಅವನು ತಂಗಿಯ ಮುಖ ನೋಡಿಲ್ಲ. ನಡುವೆ ಗುಡ್ಡ ಇದೆ. ಬಂಡಿ ಮಾಡಿಕೊಂಡು ಹೋಗು ಎಂದರೆ ಸಿಟ್ಟಾಗುತ್ತಾನೆ.

"ಬಂಡ್ಯಾಗ ಜೋಳದ ಚೀಲದಂಗ ಹೋಗಿ ತಂಗಿ ಬಾಗಲಿಗಿ ಇಳಿಯಂಗಿಲ್ಲ ನಾ. ಸಾಯಬಣ್ಣ, ನನ್ನ ಸೈಕಲ್ ತಗೊಂಡು ನೀ ಒಮ್ಮಿ ಹೋಗಿ ನೋಡು. ಎಡಗಾಲು ನೆಲಕ್ಕ ಹಚ್ಚಬ್ಯಾಡ. ನೀ ಹತ್ತಿದಿ ಅಂದ್ರ ನಾ ಭೀ ಹತ್ತತೀನಿ" ಎಂದ.

ಹಾಗೆ ನಾನು ಹೊರಟೆ. ಬಲಗಾಲನ್ನು ಪೆಡಲಿನ ಚರ್ಮದ ಪಟ್ಟಿಯೊಳಗೆ ಬಿಗಿದು, ಎಡಗಾಲನ್ನು ಅವನು ಇಡುವ ಕಬ್ಬಿಣದ ಕಡ್ಡಿಯ ಮೇಲೆ ಇಟ್ಟುಕೊಂಡೆ. ಚಿತ್ತಾಪುರದವರೆಗೆ ನೆಲ ಅಂಗೈಯಂತೆ ಸಪಾಟು, ಎರಡೂ ಕಡೆ ಎದೆಮಟ್ಟದ ಜೋಳ. ದಂಡೋತಿಯಲ್ಲಿ ಅಂಬಿಗ ನನ್ನನ್ನೂ ಸೈಕಲ್ಲನ್ನೂ ಕಾಗಿಣಾ ಹೊಳೆ ದಾಟಿಸಿದ. ತೆಂಗಳಿಯ ಬಾವಿಯ ಹತ್ತಿರ ನೀರು ಕೇಳಿದರೆ, ಕೊಡ ತುಂಬುತ್ತಿದ್ದ ಶಿವಕಾಂತಮ್ಮ ಎಂಬ ಮುದುಕಿ ನನ್ನ ಕಾಲನ್ನೇ ನೋಡಿದಳು.

"ಎಡಗಾಲ ಯಾಕೋ ತಮ್ಮಾ ಮನಿ ಅಳಿಯನಂಗ ಕುಂತದ? ದುಡಿಯಾಕ ಹಚ್ಚೋ ಅದಕ್ಕ!"

ಹೆಂಗಸರೆಲ್ಲ ನಕ್ಕರು. ನಾನು ತಲೆ ತಗ್ಗಿಸಿ ನೀರು ಕುಡಿದು ಹೊರಟೆ.

ಮುಂದೆ ಕರಿಮಣ್ಣು ಮುಗಿದು ಕೆಂಪು ಮಣ್ಣು ಬಂತು, ದಾರಿ ಮೇಲೇಳತೊಡಗಿತು. ಒಂದು ಕಾಲಿನಲ್ಲಿ ಗುಡ್ಡ ಹತ್ತುವುದು ಎಂದರೇನೆಂದು ತಾವು ತಿಳಿಯಲಾರಿರಿ. ತುಳಿಯುವುದೂ ಅದೇ ಕಾಲು, ಪಟ್ಟಿಯಿಂದ ಮೇಲಕ್ಕೆ ಎಳೆಯುವುದೂ ಅದೇ ಕಾಲು. ತೊಡೆಯಲ್ಲಿ ಬೆಂಕಿ ಇಟ್ಟಂತಾಯಿತು. ಸೈಕಲ್ಲು ನಿಂತೇಬಿಟ್ಟಿತು ಅನ್ನುವಾಗ ದಾರಿಬದಿಯ ಬಂಡೆಗೆ ಬಲಗೈ ಊರಿ ಹಾಗೇ ನಿಂತು, ಉಸಿರು ತಿರುಗಿಸಿಕೊಂಡು ಮತ್ತೆ ತುಳಿದೆ. ಎಡಗಾಲು ಇಳಿಯಲೇ ಎಂದು ಬೇಡುತ್ತಿತ್ತು. ಇಳಿಸಿದ್ದರೆ ಯಾರು ನೋಡುತ್ತಿದ್ದರು? ಆದರೆ ಊರಿಗೆ ಹೋಗಿ ಖಾಜಾಮಿಯಾನ ಕಣ್ಣು ನೋಡಬೇಕಿತ್ತಲ್ಲ. ಇಳಿಸಲಿಲ್ಲ. ಹತ್ತಿದೆ.

ಇಳಿಜಾರು ಬಂದಾಗ ಕಷ್ಟ ಬೇರೆಯಾಯಿತು. ಶಹಾಬಾದದ ಬಯಲಿಗೆ ಬ್ರೇಕಿನ ಕೆಲಸ ಕಡಿಮೆ. ಅದರ ರಬ್ಬರು ಸವೆದದ್ದು ಅಲ್ಲಿಯವರೆಗೆ ತಿಳಿದೇ ಇರಲಿಲ್ಲ. ಇಳಿದು ನಡೆಯಬಾರದಿತ್ತೇ ಎಂದು ಕೇಳುವಿರಿ. ಖಾಜಾಮಿಯಾ ಇಳಿದು ನಡೆಯಲಾರ. ಅವನಿಂದಾಗದ್ದನ್ನು ನಾನು ಮಾಡಿದರೆ ಬಂದದ್ದೇ ವ್ಯರ್ಥ. ನಮ್ಮ ಕಡೆ ಫರಸಿ ಹೇರಿದ ಬಂಡಿ ಇಳಿಜಾರಿಗೆ ಬಂದರೆ, ಹಿಂದೆ ಒಂದು ದಿಮ್ಮಿ ಕಟ್ಟಿ ನೆಲದ ಮೇಲೆ ಎಳೆಯಬಿಡುತ್ತಾರೆ. ಬಂಡಿ ಎತ್ತುಗಳ ಮೇಲೆ ನುಗ್ಗುವುದಿಲ್ಲ. ನಾನೂ ಕೈಗೆಟುಕಿದ ಒಂದು ಒಣಕೊಂಬೆಯನ್ನು ಹಗ್ಗದಿಂದ ಹಿಂದೆ ಕಟ್ಟಿದೆ. ಗಾಳಿಗೆ ಬಿದ್ದದ್ದು. ಯಾವ ಮರದ್ದೆಂದು ಈಗಲೂ ಗೊತ್ತಿಲ್ಲ. ಧೂಳೆಬ್ಬಿಸುತ್ತ ಅದು ನನ್ನನ್ನು ಮೆಲ್ಲಗೆ, ತಾಯಿ ಹಿಡಿದು ಇಳಿಸಿದ ಹಾಗೆ, ನೇರ ನಿಮ್ಮ ನಾಕಾಕ್ಕೆ ತಂದು ಬಿಟ್ಟಿತು.

"ಏ ನಿಂದ್ರು! ಜಂಗಲ್ ಕಟ್ಟಿಗಿ ಎಲ್ಲಿಗಿ ಎಳಕೊಂಡು ಹೊಂಟಿದಿ?" ಎಂದ ನಿಮ್ಮ ನಾಕೇದಾರ.

"ಇದು ಬ್ರೇಕ್ ಅದರಿ, ಸಾಹೇಬ್ರ."

"ಬ್ರೇಕಾ! ನಾಳಿ ಸಾಗವಾನಿ ಬೊಡ್ಡಿ ಕಟ್ಕೊಂಡು ಬಂದು ಇದು ಗಂಟಿ ಅಂತೀಯೇನು? ಮತ್ತ ನಿನಗ ಎರಡು ಕಾಲ ಅವ, ಒಂದ ಪೆಡಲ್ ಅದ. ಇನ್ನೊಂದು ಎಲ್ಲಿ ಮಾರಿದಿ?"

ಜವಾನರು ನಕ್ಕರು. ಖಾಜಾಮಿಯಾನ ಕಥೆ ಪೂರ್ತಿ ನನ್ನ ಎದೆಯಲ್ಲಿತ್ತು, ಬಾಯಿಗೆ ಬರಲಿಲ್ಲ. ಸರಕಾರಿ ಕಾಡಿನ ಸೊತ್ತು ಸಾಗಿಸಿದ ವಾಹನವೆಂದು ಸೈಕಲ್ಲನ್ನು ಒಳಗೆ ಹಾಕಿ ಬೀಗ ಜಡಿದರು. ಚಿಂಚೋಳಿ ಕಣ್ಣಿಗೆ ಕಾಣುತ್ತಿತ್ತು. ಯಾವ ಮುಖ ಹೊತ್ತು ಜೈತುನ್ಬೀಯ ಬಾಗಿಲಿಗೆ ಹೋಗಲಿ? ತಿರುಗಿ ನಡೆದೆ.

ಸಾಹೇಬರೇ, ಆ ಕಾಡಿನಿಂದ ಬಂಡಿಗಟ್ಟಲೆ ಕಟ್ಟಿಗೆ ಯಾರ ಯಾರ ಅಂಗಳಕ್ಕೆ ಇಳಿಯುತ್ತದೆಂದು ಚಿಂಚೋಳಿಯ ಕೂಸುಗಳೂ ಬಲ್ಲವು. ಅದು ನಾಕಾದವರ ಕಣ್ಣಿಗೆ ಬೀಳುವುದಿಲ್ಲ. ಪಾಪ, ಬಂಡಿ ದೊಡ್ಡದು, ಕಣ್ಣು ಸಣ್ಣದು. ನನ್ನ ಕೊಂಬೆ ಮಾತ್ರ ಕಣ್ಣಿಗೆ ಬಿತ್ತು. ಅದನ್ನಾದರೂ ನಾನು ಎಲ್ಲಿಗೆ ಒಯ್ಯುತ್ತಿದ್ದೆ? ಇಳಿಜಾರು ಮುಗಿದಲ್ಲಿ ಹಗ್ಗ ಬಿಚ್ಚುತ್ತಿದ್ದೆ. ನಿಮ್ಮ ಕಾಡಿನ ಕೊಂಬೆ ನಿಮ್ಮ ಕಾಡಿನ ಬುಡದಲ್ಲೇ ಇರುತ್ತಿತ್ತು.

ಶಹಾಬಾದಕ್ಕೆ ಬಂದಾಗ ಖಾಜಾಮಿಯಾ ಸೈಕಲ್ಲು ಎಲ್ಲಿ ಎಂದು ಕೇಳಲಿಲ್ಲ. "ಹತ್ತಿದೇನು?" ಎಂದ.

"ಹತ್ತಿದೆ ಭಾಯಿ. ಎಡಗಾಲು ನೆಲಕ್ಕ ಹಚ್ಚಿಲ್ಲ."

ಅವನು ತೊಡೆ ತಟ್ಟಿ ನಕ್ಕು ಹೆಂಡತಿಯನ್ನು ಕೂಗಿದ: "ಇಮಾಮ್ಬೀ, ಕೇಳಿದೇನು? ಗುಡ್ಡ ಹತ್ತತದಂತ!" ಆಮೇಲೆ, ಸೈಕಲ್ಲು ಒರಗಿಸುವ ಗೋಡೆಯ ಕಡೆ ನೋಡಿದ. ಆದದ್ದನ್ನೆಲ್ಲ ಹೇಳಿದರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಹರಾಜು ನಿಲ್ಲಿಸಿರಿ. ಎರಡು ಕಾಲಿನ ಯಾವನಿಗೂ ಅದು ಬೇಡ. ತೂಕದ ಕಬ್ಬಿಣವಾಗಿ ಹೋಗುತ್ತದೆ. ಕೊಂಬೆಯನ್ನು ನೀವೇ ಇಟ್ಟುಕೊಳ್ಳಿರಿ. ಶಿಕ್ಷೆ ಬೇಕೇ ಬೇಕೆಂದರೆ ನನಗೆ ಕೊಡಿರಿ, ಬುಧವಾರವೇ ನಡೆದು ಬಂದು ನಾಕಾದ ಮುಂದೆ ನಿಲ್ಲುತ್ತೇನೆ. ಸೈಕಲ್ಲು ಮಾತ್ರ ಶಹಾಬಾದಕ್ಕೆ ಮುಟ್ಟಲಿ. ಮತ್ತು ಮುಂದೊಂದು ದಿನ ಒಂಟಿಕಾಲಿನವನೊಬ್ಬ, ಹಿಂದೊಂದು ಒಣಕೊಂಬೆ ಎಳೆದುಕೊಂಡು, ನಿಮ್ಮ ಗುಡ್ಡ ಇಳಿದು ತಂಗಿಯ ಮನೆಗೆ ಬಂದರೆ, ದಯಮಾಡಿ ನಾಕಾದ ಅಡ್ಡಗಂಬ ಎತ್ತಿಸಿರಿ.

ಇಂತಿ,
ಒಂದು ಕಾಲಿನಲ್ಲಿ ಹೋಗಿ ಎರಡು ಕಾಲಿನಲ್ಲಿ ಸೋತು ಬಂದ
ಸಾಯಬಣ್ಣ, ಶಹಾಬಾದ