ಅವ್ವನ ಕಾಲು, ಅಪ್ಪನ ಬ್ರೇಕು

ಆನೆಕೊಂಡ, ದಾವಣಗೆರೆ
೬-೩-೧೯೬೧, ಸೋಮವಾರ

ಮುದ್ದಿನ ಮಗಳು ನಿರ್ಮಲಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಕಾಲಿನ ಬಾವು ಇಳಿಯಿತೇ? ಊಟ ಸೇರುತ್ತಿದೆಯೇ? ಹುಳಿ ತಿನ್ನಬೇಕೆನಿಸುತ್ತದೆ ಎಂದು ನೀನು ಬರೆದ ದಿನದಿಂದ ನಿನ್ನ ಅವ್ವ ಇಲ್ಲಿ ಎಲ್ಲದಕ್ಕೂ ಹುಣಸೆಹಣ್ಣು ಹಿಂಡುತ್ತಿದ್ದಾಳೆ. ಬಯಕೆ ನಿನಗೆ, ಎದೆಯುರಿ ನನಗೆ. ನಾವಿಬ್ಬರೂ ಕ್ಷೇಮ.

ಇನ್ನು ಕಾರಿನ ವಿಷಯ. ಸಂಕ್ರಾಂತಿಗೆ ಹರಿಹರಕ್ಕೆ ಬಂದಾಗ ನಮ್ಮ ಹಳೇ ಲ್ಯಾಂಡ್‌ಮಾಸ್ಟರು ನಿಮ್ಮ ಬಾಗಿಲಲ್ಲಿ ನಿಲ್ಲದೆ ಹೋಗಿ ಕಟ್ಟೆಗೆ ಗುದ್ದಿದ್ದನ್ನು ನೀನೇ ಕಂಡಿದ್ದೀ. ತಪ್ಪು ನನ್ನದೇ. ಬ್ರೇಕಿನ ಎಣ್ಣೆ ತಗ್ಗಿತ್ತು. ಎಣ್ಣೆ ಗಿರಣಿ ಇಟ್ಟುಕೊಂಡವನು ಅಂಗಡಿಯಲ್ಲಿ ಎಣ್ಣೆ ಕೊಳ್ಳುವುದೇ ಎಂಬ ಜಂಬದಲ್ಲಿ ನಮ್ಮ ಶೇಂಗಾ ಎಣ್ಣೆಯನ್ನೇ ಸುರಿದಿದ್ದೆ. ಅದು ಒಳಗಿನ ರಬ್ಬರನ್ನೆಲ್ಲ ಊದಿಸಿ ಕೆಡಿಸಿಬಿಟ್ಟಿತು. ನಿನ್ನ ಮಾವ ಪಂಚಾಕ್ಷರಪ್ಪನವರು ಅಷ್ಟು ಜನರೆದುರು, “ಈ ಕಾರಿನಾಗೆ ನಮ್ಮ ಸೊಸೀನ ಕಳ್ಸಂಗಿಲ್ಲ ನೋಡ್ರಿ. ಕಂಪನಿಯಾಗೆ ರಿಪೇರಿ ಮಾಡ್ಸಿ ರಸೀದಿ ತೋರ್ಸ್ರಿ. ಇಲ್ಲಾಂದ್ರ ಬಾಣಂತನ ಇಲ್ಲೇ ಆಗ್ಲಿ” ಅಂದರು. ಚೊಚ್ಚಲ ಬಾಣಂತನ ತವರಿನಲ್ಲಾಗದಿದ್ದರೆ ನಿನ್ನ ಅವ್ವನ ಮುಖ ನಾನು ಹೇಗೆ ನೋಡಲಿ? ಏಳು ತುಂಬುವುದರೊಳಗೆ ನಿನ್ನನ್ನು ಕರೆತರಬೇಕು, ಎಂಟರಲ್ಲಿ ಹೊರಡಿಸುವ ಪದ್ಧತಿ ನಮ್ಮಲ್ಲಿಲ್ಲ. ಉಳಿದಿರುವುದು ಈ ವಾರವೊಂದೇ.

ಹುಬ್ಬಳ್ಳಿಯ ಕಂಪನಿಯವರಿಗೆ ಕಾಗದ ಹಾಕಿದೆ. ನೂರ ಎಂಬತ್ತು ರೂಪಾಯಿ ಎಂದು ಚೆಂದವಾಗಿ ಟೈಪು ಮಾಡಿ ಕಳಿಸಿದರು. ಗಿರಣಿಯ ಲಾರಿ ನೋಡಿಕೊಳ್ಳುವ ಗೌಸ್ ಪೀರ್ ಅದನ್ನು ಓದಿಸಿಕೊಂಡು ನಕ್ಕ. “ರಬ್ಬರು, ಪಟ್ಟಿ, ಎಣ್ಣಿ ಎಲ್ಲಾ ಸೇರಿ ನಲವತ್ತು ರೂಪಾಯಿ ಸಾವ್ಕಾರ್ರೇ. ಉಳಿದಿದ್ದು ಅವರ ಬೋರ್ಡಿಗೆ. ನೀವೇ ಮಾಡ್ರಿ, ನಾನು ಹೇಳ್ಕೊಡ್ತೀನಿ” ಅಂದ. ನನಗೂ ಹುರುಪು ಬಂತು. ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ಮೂರು ದಿನ ಕಾರಿನಡಿ ಮಲಗಿದೆ. ನಿನ್ನ ಅವ್ವ ಊಟದ ತಟ್ಟೆಯನ್ನು ಅಲ್ಲಿಗೇ ಸರಿಸುತ್ತಿದ್ದಳು.

ಕೊನೆಗೆ ಉಳಿದದ್ದು ಕೊಳವೆಯೊಳಗಿನ ಗಾಳಿ ತೆಗೆಯುವ ಕೆಲಸ. ಒಬ್ಬರು ಒಳಗೆ ಕೂತು ಬ್ರೇಕು ತುಳಿಯಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ತಿರುಪು ಸಡಿಲಿಸಬೇಕು. ಗೌಸ್ ಪೀರ್ ಅಂದು ಲಾರಿಯ ಜೊತೆ ಹೋಗಿದ್ದ. ನಿನ್ನ ಅವ್ವನನ್ನೇ ಕೂರಿಸಿದೆ. ಇಷ್ಟು ವರ್ಷ ಹಿಂದಿನ ಸೀಟು ಬಿಟ್ಟು ಮುಂದೆ ಬಾರದವಳು ಸೆರಗು ಸಿಕ್ಕಿಸಿಕೊಂಡು ಕೂತಳು. ತುಳಿ ಅಂದರೆ ತುಳಿದಳು, ಬಿಡು ಅಂದರೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ಬಿಡು ಅಂದರೂ ಬಿಡಲಿಲ್ಲ. ಎದ್ದು ನೋಡಿದರೆ ಸ್ಟೇರಿಂಗು ಹಿಡಿದು ಕಣ್ಣು ಮುಚ್ಚಿಕೊಂಡಿದ್ದಾಳೆ. “ಸುಮ್ನಿರ್ರಿ, ನಿರ್ಮಲನ್ನ ಕರ್ಕಂಡು ಬರಾಕ ಹೊಂಟೀನಿ. ಅವ್ರ ಮನಿ ದಾಟಿ ಹೊಳಿ ಸೇತುವಿಗೆ ಬಂದ್ಬಿಟ್ಟೀನಿ, ತಿರುಗಿಸ್ಬೇಕು” ಅಂದಳು.

ನಾನು ಮತ್ತೆ ಕೆಳಗೆ ಸರಿದೆ. ಬೇವಿನ ಹೂವು ಒಂದೊಂದೇ ಉದುರುತ್ತಿತ್ತು. ದೂರದಲ್ಲಿ ಗಿರಣಿ ಗುಂಯ್‌ಗುಡುತ್ತಿತ್ತು. ಕಾರು ನಿಂತಲ್ಲೇ ಇದ್ದರೂ ನನಗೂ ಎಲ್ಲೋ ಮೆಲ್ಲಗೆ ಸಾಗುತ್ತಿರುವ ಹಾಗನ್ನಿಸಿತು. ಹಿಂದಿನ ಸೀಟಿನಲ್ಲಿ ನೀನು, ನಿನ್ನ ಮಡಿಲಲ್ಲಿ ಪುಟ್ಟದೊಂದು ಮುಖ. ಅದು ಯಾರ ಹಾಗಿದೆ ಎಂದು ನೋಡುವಷ್ಟರಲ್ಲಿ ಕಣ್ಣಿಗೆ ಎಣ್ಣೆ ಸಿಡಿಯಿತು.

ಈಗ ಕಾರು ಹೇಳಿದ ಕಡೆ ನಿಲ್ಲುತ್ತದೆ. ಗುರುವಾರ ಬೆಳಿಗ್ಗೆ ತಂಪುಹೊತ್ತಿನಲ್ಲೇ ನಾವಿಬ್ಬರೂ ಬರುತ್ತೇವೆ, ಸೀರೆ ಮಡಚಿಟ್ಟುಕೊಂಡಿರು. ಬೀಗರು ರಸೀದಿ ಕೇಳಿದರೆ ಕರಿ ಹತ್ತಿದ ನನ್ನ ಎರಡು ಕೈ ತೋರಿಸುತ್ತೇನೆ. ಅವರಿಗೂ ನಿನ್ನ ಅತ್ತೆಯವರಿಗೂ ಶರಣು ತಿಳಿಸು. ಅಳಿಯಂದಿರಿಗೆ ಆಶೀರ್ವಾದ. ಭಾರ ಎತ್ತಬೇಡ, ಬಿಸಿಲಲ್ಲಿ ತಿರುಗಬೇಡ.

ಇಂತು ನಿನ್ನ ಅಪ್ಪ,
ಕಲ್ಲೇಶಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ಶುಕ್ರವಾರ ನಾನು ಕಾರು ತೆಗೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದು ನಿನ್ನ ಅವ್ವನಿಗೆ ಹೇಳಿದಂತೆ ಶೇಂಗಾ ವ್ಯಾಪಾರಕ್ಕಲ್ಲ. ಆ ಸೀಟಿನಲ್ಲಿ ಕೂರುವವಳು ನೀನು ಎಂದು ನೆನೆದಾಗ ನನ್ನ ಕೈ ಮೇಲೆ ನನಗೇ ಧೈರ್ಯ ಸಾಲಲಿಲ್ಲ. ಕಂಪನಿಯ ಮಿಸ್ತ್ರಿ ನಾಲ್ಕೂ ಗಾಲಿ ಬಿಚ್ಚಿ, “ಚಲೋ ಮಾಡ್ಯಾರಲ್ರೀ, ಮುಟ್ಟೋದೇ ಬ್ಯಾಡ” ಅಂದ. ಆದರೂ ಎಲ್ಲ ಹೊಸದು ಹಾಕಿಸಿ ನೂರ ಎಂಬತ್ತನ್ನೂ ಕೊಟ್ಟೆ. ಬರುವಾಗ ನಿಮ್ಮ ಓಣಿಯ ತಿರುವಿನಲ್ಲಿ ಬ್ರೇಕು ತುಳಿದು ನೋಡಿದೆ, ನಿಂತಿತು. ನಾನು ಇಳಿಯಲಿಲ್ಲ. ರಸೀದಿ ಇದರೊಳಗಿದೆ, ಬೀಗರ ಕೈಗೆ ಕೊಡು. ನಿನ್ನ ಅವ್ವನಿಗೆ ಮಾತ್ರ ಹೇಳಬೇಡ. ತಾನು ತುಳಿದದ್ದರಿಂದಲೇ ನೀನು ಮನೆಗೆ ಬರುತ್ತಿದ್ದೀ ಎಂದು ಅವಳು ಕೇರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.